ಹೃದಯದ ಪಂಪ್ ವಿಡಿಯೊ: ಮನೆ ಗುಂಪಿನ ಚರ್ಚೆ

ಅತ್ತೆ: ದೊಡ್ಡಣ್ಣನ ಹೃದಯ ಸೋತಿದೆಯಲ್ಲ, ರಕ್ತ ತಳ್ಳಲು ಹೃದಯಕ್ಕೆ ಜೋಡಿಸುವ ಈ ಪಂಪನ್ನೇ (ಎಲ್‌ವಿಎಡಿ) ಹಾಕಿಸಬಹುದಲ್ವಾ? ವಿಡಿಯೊ ಪೂರ್ತಿ ನೋಡಿ. ಪಂಪ್ ಕೂರಿಸಿದರೆ ಹೃದಯ ಕಸಿ ಬೇಡವೇ ಬೇಡವಂತೆ, ಆಯಸ್ಸು ಪೂರ್ತಿ ಚಿಂತೆಯಿಲ್ಲವಂತೆ.

ಚಿಕ್ಕಪ್ಪ: ನೋಡಿದೆ. ಹೊಟ್ಟೆಯಿಂದ ವೈರ್ ಹೊರಗೆ ಬಂದಿದೆ, ಸೊಂಟಕ್ಕೆ ಯಂತ್ರ, ಹೆಗಲಿಗೆ ಬ್ಯಾಟರಿ. ಅಣ್ಣನಿಗೆ ಅದೆಲ್ಲ ಯಾಕೆ? ಮಾತ್ರೆ ನಡೆಯುತ್ತಿದೆ, ನಡೆಯಲಿ. ತೀರಾ ಕೈಮೀರಿದರೆ ಆಗ ನೋಡೋಣ.

ಅಕ್ಕ: ಚಿಕ್ಕಪ್ಪ, ಐಸಿಯುನಲ್ಲಿ ದಿನಾ ನೋಡುತ್ತೇನೆ. ಕೈಮೀರಿದ ಮೇಲೆ ಬಂದವರಿಗೆ ಈ ಪಂಪ್ ಹಾಕುವುದೇ ಕಷ್ಟ. ಅಷ್ಟರಲ್ಲಿ ಕಿಡ್ನಿ, ಲಿವರ್ ಸೋತಿರುತ್ತವೆ, ಮೈ ಅಷ್ಟು ದೊಡ್ಡ ಆಪರೇಷನ್ ತಡೆದುಕೊಳ್ಳುವುದಿಲ್ಲ. ದೊಡ್ಡಪ್ಪ ಮತ್ತೆ ಮತ್ತೆ ಅಡ್ಮಿಟ್ ಆಗುತ್ತಿದ್ದಾರೆ. ಬಿಪಿ ಬೀಳುತ್ತದೆ ಅಂತ ಮಾತ್ರೆ ಡೋಸ್ ಬೇರೆ ಇಳಿಸಿದ್ದಾರೆ. ಕೇಳಬೇಕಾದ ಹೊತ್ತು ಇದೇ.

ಚಿಕ್ಕಪ್ಪ: ಹಾಗಾದರೆ ವಿಡಿಯೊದಲ್ಲಿ ಹೇಳಿದ್ದು ಸರಿ ಅಂತೀಯಾ?

ಅಕ್ಕ: ಅದೂ ಸರಿಯಿಲ್ಲ. ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ. 2001ರ ರೀಮ್ಯಾಚ್ ಅಧ್ಯಯನದಲ್ಲಿ ಕಸಿ ಮಾಡಲಾಗದ ರೋಗಿಗಳಿದ್ದರು. ಬರೀ ಔಷಧಿಯಲ್ಲಿದ್ದವರಲ್ಲಿ ವರ್ಷ ದಾಟಿದ್ದು ನೂರಕ್ಕೆ 25, ಪಂಪ್ ಇದ್ದವರಲ್ಲಿ 52. ಈಗಿನ ಹಾರ್ಟ್‌ಮೇಟ್ 3 ಅನ್ನುವ ಪಂಪ್ ಹಾಕಿಸಿಕೊಂಡವರಲ್ಲಿ 5 ವರ್ಷ ದಾಟಿದವರು ನೂರಕ್ಕೆ ಸುಮಾರು 58. ಸಣ್ಣ ಮಾತಲ್ಲ ಇದು. ಆದರೆ ಉಳಿದವರ ಸುದ್ದಿ ವಿಡಿಯೊದಲ್ಲಿ ಎಲ್ಲಿದೆ? ಕರುಳಿನಲ್ಲಿ ರಕ್ತಸ್ರಾವ, ಸ್ಟ್ರೋಕ್, ವೈರ್ ಹೊರಬರುವ ಜಾಗದಲ್ಲಿ ಸೋಂಕು, ಎಲ್ಲವೂ ಆಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಪ್ಪಿಸುವಂತಿಲ್ಲ.

ನಾನು: ಅಕ್ಕಾ, ಪಂಪ್ ಇದ್ದವರಿಗೆ ನಾಡಿಯೇ ಸಿಗುವುದಿಲ್ಲ ಅಂತ ತೋರಿಸಿದರಲ್ಲ, ನಿಜವಾ?

ಅಕ್ಕ: ನಿಜ. ಪಂಪಿನ ಚಕ್ರ ಆಯಸ್ಕಾಂತದ ಬಲದಲ್ಲಿ ತೇಲುತ್ತಾ ತಿರುಗುತ್ತದೆ, ರಕ್ತ ಒಂದೇ ಸಮನೆ ಹರಿಯುತ್ತದೆ. ಹಾಗಾಗಿ ಮಣಿಕಟ್ಟು ಹಿಡಿದರೆ ಎಷ್ಟೋ ಜನರಲ್ಲಿ ಏನೂ ಗೊತ್ತಾಗುವುದಿಲ್ಲ. ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟಿ, ಡಾಪ್ಲರ್ ಅನ್ನುವ ಸಣ್ಣ ಉಪಕರಣ ಇಟ್ಟು ರಕ್ತ ಹರಿಯುವ ಸದ್ದು ಕೇಳುತ್ತೇವೆ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಬರುವುದು ಗುಂಯ್ ಅನ್ನುವ ಸದ್ದು. ಮೊದಲ ಸಲ ಕೇಳಿದವರು ಗಾಬರಿ ಆಗುತ್ತಾರೆ.

ಅತ್ತೆ: ಅಯ್ಯೋ. ಮತ್ತೆ ಸ್ನಾನ, ನಿದ್ದೆ ಎಲ್ಲ?

ಅಕ್ಕ: ಗಾಯ ಮಾಗಿದ ಮೇಲೆ ಡಾಕ್ಟರ್ ಒಪ್ಪಿದರೆ, ಯಂತ್ರಕ್ಕೆ ನೀರು ತಾಗದಂತೆ ಚೀಲ ಹಾಕಿ ಸ್ನಾನ. ಈಜು ಇಲ್ಲ, ಎಂಆರ್‌ಐ ಇಲ್ಲ. ರಾತ್ರಿ ಗೋಡೆಯ ಕರೆಂಟಿಗೆ ಜೋಡಿಸಿ ಮಲಗಬೇಕು. ವೈರಿನ ಜಾಗಕ್ಕೆ ಡ್ರೆಸಿಂಗ್ ಶುದ್ಧವಾಗಿ ಆಗಲೇಬೇಕು. ಅದಕ್ಕೆ ಮನೆಯಲ್ಲಿ ಒಬ್ಬರು ಕಲಿಯಬೇಕು.

ಚಿಕ್ಕಪ್ಪ: ಅದನ್ನೇ ನಾನು ಹೇಳುತ್ತಿರುವುದು. ಅತ್ತಿಗೆ ಮೇಲೆ ಇಷ್ಟೆಲ್ಲ ಹೊರಿಸುವುದಾ?

ದೊಡ್ಡಮ್ಮ: ನನ್ನ ಪರವಾಗಿ ನೀವು ಬೇಡ ಅನ್ನಬೇಡಿ. ಇವರು ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಕುರ್ಚಿಯಲ್ಲಿ ಕೂತೇ ಬೆಳಗು ಮಾಡುತ್ತಾರೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತು. ಡ್ರೆಸಿಂಗ್ ನಾನು ಕಲಿಯುತ್ತೇನೆ. ಬೇಕೋ ಬೇಡವೋ ಅಂತ ಅವರೇ ಹೇಳಲಿ. ಅವರನ್ನು ಯಾರೂ ಇನ್ನೂ ಕೇಳಿಲ್ಲ.

ಚಿಕ್ಕಪ್ಪ: ಕುರ್ಚಿಯಲ್ಲಿ ಮಲಗುವುದು ನನಗೆ ಗೊತ್ತಿರಲಿಲ್ಲ ಅತ್ತಿಗೆ.

ಅಕ್ಕ: ದೊಡ್ಡಮ್ಮ, ಡಾಕ್ಟರ್ ಹತ್ತಿರ ಹೋದಾಗ ಮೊದಲು ಹೃದಯದ ಬಲಭಾಗ ಹೇಗಿದೆ ಅಂತ ಕೇಳಿ. ಈ ಪಂಪ್ ಎಡಭಾಗಕ್ಕೆ ಮಾತ್ರ. ಬಲಭಾಗ ರಕ್ತ ಕಳಿಸದಿದ್ದರೆ ಪಂಪಿಗೆ ತಳ್ಳಲು ಏನೂ ಇರುವುದಿಲ್ಲ. ಆಮೇಲೆ, ಇದು ಕಸಿ ಆಗುವ ತನಕವೋ, ಕೊನೆಯವರೆಗೋ ಅಂತ ಬಿಡಿಸಿ ಕೇಳಿ. ದೊಡ್ಡಪ್ಪನ ಎದುರಿಗೇ ಕೇಳಿ.

ದೊಡ್ಡಮ್ಮ: ಸೋಮವಾರ ಹೋಗುತ್ತಿದ್ದೇವೆ. ನೀನೂ ಬಾ.