ಗ್ಲಾಕೋಮಾದಿಂದ ಅಪ್ಪನ ದೃಷ್ಟಿ ಕುಂದುತ್ತಿದೆ, ಕೊಡಗಿನಲ್ಲಿ ಎಲ್ಲಿಂದ ಶುರು ಮಾಡೋದು?

ನಾಪೋಕ್ಲು ಕಡೆಯಿಂದ ಪ್ರಶ್ನೆ:
ಅಪ್ಪನಿಗೆ ಗ್ಲಾಕೋಮಾ, ಕಣ್ಣಿನ ನರ ಹಾಳಾಗೋ ಕಾಯಿಲೆ. ಎದುರಿಗಿರೋದು ಕಾಣುತ್ತೆ, ಪೇಪರಿನ ಹೆಡ್‌ಲೈನ್ ಓದ್ತಾರೆ. ಅಕ್ಕಪಕ್ಕ, ಕಾಲಡಿ ಕಾಣಲ್ಲ. ಮೊನ್ನೆ ಕಾಫಿ ಕಣದ ಮೆಟ್ಟಿಲಲ್ಲಿ ಬಿದ್ದರು. ಹೋದ ದೃಷ್ಟಿ ವಾಪಸ್ ಬರಲ್ಲ, ಡ್ರಾಪ್ಸ್ ಬಿಡಬೇಡಿ ಅಂದಿದ್ದಾರೆ ಡಾಕ್ಟರ್. ‘ಪೂರ್ತಿ ಕಾಣದೇ ಇದ್ದವರಿಗೆ ಮಾತ್ರ ಅಂಗವಿಕಲರ ಕಾರ್ಡು’ ಅಂತ ಊರಲ್ಲಿ ಒಬ್ಬರು ಹೇಳಿದರು. ನಿಜವಾ? ಬೇರೆ ಏನು ಸಹಾಯ ಇದೆ? ಗೊತ್ತಿದ್ದವರು ಹೇಳಿ.

ಸೋಮವಾರಪೇಟೆಯಿಂದ:
ನಿಜ ಅಲ್ಲ. ನಮ್ಮ ಅಮ್ಮನಿಗೂ ಇದೇ ಕಾಯಿಲೆ, ಅವರಿಗೆ ಕಾರ್ಡ್ ಸಿಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ದೃಷ್ಟಿದೋಷಕ್ಕೆ ಎರಡು ವರ್ಗ ಇದೆ, ಅಂಧತ್ವ ಮತ್ತು ಮಂದದೃಷ್ಟಿ. ಕನ್ನಡಕ ಹಾಕಿ ಎಷ್ಟು ದೂರದ ಅಕ್ಷರ ಓದ್ತಾರೆ ಅನ್ನೋದು ಒಂದು ಲೆಕ್ಕ. ನೋಟದ ಅಗಲ ಎಷ್ಟು ಉಳಿದಿದೆ ಅನ್ನೋದು ಇನ್ನೊಂದು. ಅಗಲ 40 ಡಿಗ್ರಿಗಿಂತ ಕಮ್ಮಿ ಆದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಮ್ಮಿ ಆದರೆ ಅಂಧತ್ವ. ಗ್ಲಾಕೋಮಾದವರು ಗೋಡೆಯ ಚಾರ್ಟ್ ಕೊನೇ ಸಾಲಿನವರೆಗೆ ಓದಿಬಿಡಬಹುದು, ಬಾಗಿಲು ದಾಟುವಾಗ ಭುಜ ಬಡಿಸಿಕೊಳ್ಳಬಹುದು. ಚಾರ್ಟ್ ಒಂದನ್ನೇ ನೋಡಿದರೆ ಅವರ ತೊಂದರೆ ಕಾಗದಕ್ಕೆ ಬರೋದೇ ಇಲ್ಲ.

ಆದ್ದರಿಂದ ಮೊದಲು ನೋಟದ ಅಗಲ ಅಳೆಯೋ ಫೀಲ್ಡ್ ಟೆಸ್ಟ್ ರಿಪೋರ್ಟ್ ಕೈಯಲ್ಲಿರಲಿ. ಬೋಗುಣಿ ಥರದ ಮೆಷಿನ್‌ಗೆ ಗದ್ದ ಕೊಟ್ಟು ಕೂರಿಸ್ತಾರೆ, ನಡುವಿನ ಚುಕ್ಕೆ ನೋಡ್ತಾ ಇರಬೇಕು, ಪಕ್ಕದಲ್ಲಿ ಬೆಳಕು ಮಿನುಗಿದಾಗ ಕೈಯಲ್ಲಿರೋ ಬಟನ್ ಒತ್ತಬೇಕು. ವಯಸ್ಸಾದವರಿಗೆ ಸುಸ್ತಾಗುತ್ತೆ, ಗಮನ ಜಾರುತ್ತೆ, ರಿಪೋರ್ಟ್ ಕೆಡುತ್ತೆ. ಬೆಟ್ಟದ ರಸ್ತೆಯಲ್ಲಿ ಬಸ್ಸಿಳಿದ ಕೂಡಲೇ ಕೂರಿಸಬೇಡಿ. ತಿಂಡಿ ತಿನ್ನಿಸಿ, ಸ್ವಲ್ಪ ಹೊತ್ತು ಬಿಟ್ಟು ಮಾಡಿಸಿ.

ಆಮೇಲೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅದೇ ಅಂಗವಿಕಲರ ಕಾರ್ಡಿಗೆ ಅರ್ಜಿ. ಆಧಾರ್, ಫೋಟೋ, ಹಳೇ ಚೀಟಿ ಎಲ್ಲಾ ಇಟ್ಟುಕೊಳ್ಳಿ. ತಪಾಸಣೆ ಮಡಿಕೇರಿ ಜಿಲ್ಲಾ ಆಸ್ಪತ್ರೆಯಲ್ಲಿ. ಸೌಲಭ್ಯಗಳಿಗೆ ಸಾಮಾನ್ಯವಾಗಿ 40 ಪರ್ಸೆಂಟ್ ಅಂಗವೈಕಲ್ಯ ಅಂತ ಬರೆದಿರಬೇಕು. ಅಲ್ಲಿ ಬಂದ ತೀರ್ಮಾನ ಸರಿ ಇಲ್ಲ ಅನ್ನಿಸಿದರೆ ಮೇಲ್ಮನವಿ ಹಾಕೋ ಹಕ್ಕು ಕಾಯ್ದೆಯಲ್ಲೇ ಇದೆ, ಸುಮ್ಮನಾಗಬೇಡಿ.

ಪಂಚಾಯ್ತಿಗೆ ಹೋಗಿ ‘ವಿ.ಆರ್.ಡಬ್ಲ್ಯೂ. ಯಾರು?’ ಅಂತ ಕೇಳಿ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರ ಅರ್ಜಿ, ಮಾಸಾಶನ, ಸಲಕರಣೆ ಎಲ್ಲಾ ಅವರೇ ನೋಡೋದು. ಇದೇ ಕೆಲಸಕ್ಕೆ ತಾಲ್ಲೂಕಿಗೆ ಎಂ.ಆರ್.ಡಬ್ಲ್ಯೂ. ಇರ್ತಾರೆ. ನಮ್ಮ ಅರ್ಧ ಓಡಾಟ ಉಳಿಸಿದ್ದು ನಮ್ಮ ಪಂಚಾಯ್ತಿಯ ವಿ.ಆರ್.ಡಬ್ಲ್ಯೂ. ಹುಡುಗಿ.

ವಿರಾಜಪೇಟೆಯಿಂದ:
ನನಗೆ ಆರ್.ಪಿ. (ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಹಿಂಪರದೆಯ ಕಾಯಿಲೆ), ರಾತ್ರಿ ಏನೂ ಕಾಣಲ್ಲ, ಹಗಲಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ. ಕಾರ್ಡು ಅದರ ಪಾಡಿಗೆ ಬರುತ್ತೆ ಬಿಡಿ. ಸ್ವಲ್ಪ ಕಾಣುತ್ತಿರುವಾಗಲೇ ಅಂಕಲ್‌ಗೆ ಫೋನನ್ನು ಕಿವಿಯಲ್ಲಿ ಬಳಸೋದು ಕಲಿಸಿ, ಅದೇ ದೊಡ್ಡ ಕೆಲಸ. ಆಂಡ್ರಾಯ್ಡ್‌ನಲ್ಲಿ ಪರದೆ ಮೇಲಿರೋದನ್ನ ಓದಿ ಹೇಳೋ ಟಾಕ್‌ಬ್ಯಾಕ್ ಮೊದಲೇ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತೆ. ಆನ್ ಮಾಡಿದ ತಕ್ಷಣ ಮನೆಯವರು ‘ಫೋನ್ ಕೆಟ್ಟೋಯ್ತು’ ಅಂತ ಗಾಬರಿ ಬೀಳ್ತಾರೆ. ಕೆಟ್ಟಿಲ್ಲ. ಒಂದು ಸಲ ಮುಟ್ಟಿದರೆ ಓದಿ ಹೇಳುತ್ತೆ, ಎರಡು ಸಲ ತಟ್ಟಿದರೆ ತೆರೆಯುತ್ತೆ, ಸರಿಸೋಕೆ ಎರಡು ಬೆರಳು. ಮೊದಲ ವಾರ ಬರೀ ಕಾಲ್ ಎತ್ತೋದು, ಕಾಲ್ ಮಾಡೋದು ಸಾಕು. ವಾಟ್ಸಾಪ್ ಆಮೇಲೆ.

ನೋಟು ಗುರುತಿಸೋಕೆ ರಿಸರ್ವ್ ಬ್ಯಾಂಕಿನ ‘ಮನಿ’ ಆ್ಯಪ್ 2020ರಿಂದ ಇದೆ. ಕ್ಯಾಮೆರಾ ಮುಂದೆ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತೆ, ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಕಥೆ ನಿಮಗೇ ಗೊತ್ತಲ್ಲ.

ಕಣದ ಮೆಟ್ಟಿಲ ಅಂಚಿಗೆ ದಪ್ಪ ಹಳದಿ ಪೇಂಟ್ ಹೊಡೆಸಿ. ಜೂನ್ ಬಂದರೆ ಪಾಚಿ ಕಟ್ಟಿ ಹಳದಿನೂ ಕಾಣಲ್ಲ, ಜಾರುತ್ತೆ ಬೇರೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸ್ತಾ ಇರಬೇಕು. ಡ್ರಾಪ್ಸ್ ಬಾಟಲಿಗಳು ಒಂದೇ ಥರ ಇದ್ದರೆ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಡಿ.

ಕುಶಾಲನಗರದಿಂದ:
ಬಸ್ಸಿನ ವಿಷಯ ಯಾರೂ ಹೇಳಿಲ್ಲ. ಕೆ.ಎಸ್‌.ಆರ್‌.ಟಿ.ಸಿ.ಯಲ್ಲಿ ಅಂಧರಿಗೆ ಉಚಿತ ಪಾಸ್, ಉಳಿದ ಅಂಗವಿಕಲರಿಗೆ ರಿಯಾಯಿತಿ ಪಾಸ್. ಸರ್ಟಿಫಿಕೇಟಿನಲ್ಲಿ ಯಾವ ವರ್ಗ ಬರೆದಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ. ರೈಲು ನಮ್ಮ ಜಿಲ್ಲೆಗೇ ಇಲ್ಲ, ಮೈಸೂರಿಂದ ಹತ್ತಬೇಕು. ಅದರಲ್ಲಿ ರಿಯಾಯಿತಿ ಸಿಗೋದು ದೃಷ್ಟಿ ಪೂರ್ತಿ ಹೋದವರಿಗೆ ಮಾತ್ರ, ಸ್ಲೀಪರ್‌ನಲ್ಲಿ 75 ಪರ್ಸೆಂಟ್, ಜೊತೆಗೆ ಹೋಗೋ ಒಬ್ಬರಿಗೂ ಅಷ್ಟೇ. ನಿಮ್ಮ ಊರಿನವರು ಎಲ್ಲಾ ಸೇರಿಸಿ ‘ಪೂರ್ತಿ ಕಾಣದವರಿಗೆ ಮಾತ್ರ’ ಅಂದಿದ್ದು ಇದನ್ನೇ ಕೇಳಿ ಇರಬೇಕು.

ಗೋಣಿಕೊಪ್ಪದಿಂದ:
ಬ್ಯಾಂಕಲ್ಲಿ ಹುಷಾರು. ನಮ್ಮ ಯಜಮಾನರಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾದ ಮೇಲೆ ಒಂದು ಬ್ಯಾಂಕಿನವರು ಚೆಕ್‌ಬುಕ್ ಕೊಡಲ್ಲ, ಮಗನ ಜೊತೆ ಜಾಯಿಂಟ್ ಮಾಡಿ ಅಂದರು. ತೋಟದ ಲೆಕ್ಕವೆಲ್ಲ ಇವತ್ತಿಗೂ ಬಾಯಲ್ಲೇ ಹೇಳೋ ಮನುಷ್ಯ! ದೃಷ್ಟಿದೋಷ ಇದೆ ಅಂತ ಚೆಕ್‌ಬುಕ್, ಎ.ಟಿ.ಎಂ., ಲಾಕರ್ ನಿರಾಕರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಸುತ್ತೋಲೆ ಹೊರಡಿಸಿದೆ. ಜಗಳ ಆಡಲಿಲ್ಲ. ‘ಕೊಡಲ್ಲ ಅಂತ ಬರೆದುಕೊಡಿ ಸಾರ್’ ಅಂದೆ. ಬರೆದುಕೊಡಲಿಲ್ಲ, ಚೆಕ್‌ಬುಕ್ ಮನೆಗೆ ಬಂತು.

ಓದೋ ಅಭ್ಯಾಸ ಇದ್ದರೆ ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯವರ ಹತ್ತಿರ ಕನ್ನಡ ಆಡಿಯೋ ಪುಸ್ತಕ ಇದೆ, ವಿಚಾರಿಸಿ.

ಸೋಮವಾರಪೇಟೆಯಿಂದ ಮತ್ತೆ:
ಒಂದು ಮಾತು ಬಿಟ್ಟುಹೋಯ್ತು. ಗ್ಲಾಕೋಮಾ ಮನೆತನದಲ್ಲಿ ಬರೋ ಸಾಧ್ಯತೆ ಜಾಸ್ತಿ, ಶುರುವಿನಲ್ಲಿ ನೋವಿಲ್ಲ, ಗೊತ್ತೂ ಆಗಲ್ಲ. ನೀವು, ನಿಮ್ಮ ಚಿಕ್ಕಪ್ಪಂದಿರು, ಅತ್ತೆಯಂದಿರು ಎಲ್ಲಾ ಕಣ್ಣಿನ ಪ್ರೆಶರ್, ನರ ಚೆಕ್ ಮಾಡಿಸಿಕೊಳ್ಳಿ. ಕನ್ನಡಕದ ಅಂಗಡಿಯ ನಂಬರ್ ಟೆಸ್ಟ್ ಇದಕ್ಕೆ ಸಾಲದು.

ನಾಪೋಕ್ಲು:
ಎಲ್ಲರಿಗೂ ಥ್ಯಾಂಕ್ಸ್. ಫೀಲ್ಡ್ ಟೆಸ್ಟ್ ಹಳೇದೊಂದು ಫೈಲಲ್ಲೇ ಸಿಕ್ತು, ಹೊಸದು ಮಾಡಿಸ್ತೀನಿ. ವಿರಾಜಪೇಟೆ ಅಣ್ಣ, ಆ ಕನ್ನಡ ಧ್ವನಿ ನೆಟ್ ಇಲ್ಲದಾಗಲೂ ಬರುತ್ತಾ?

ವಿರಾಜಪೇಟೆಯಿಂದ:
ಬರುತ್ತೆ. ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಕನ್ನಡದ ವಾಯ್ಸ್ ಡೇಟಾ ಮೊದಲೇ ಡೌನ್‌ಲೋಡ್ ಮಾಡಿಡಿ. ಮಳೆ ಹಿಡಿಯೋಕೆ ಮುಂಚೆ.