ಸಹಾಯ ಬೇಕು: ಮಣಿಪುರಕ್ಕಾಗಿ ಪ್ರಾರ್ಥನೆ ಬರೆಯಲು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಆರಾಧನೆಯಲ್ಲಿ ಮಧ್ಯಸ್ಥಿಕೆಯ ಪ್ರಾರ್ಥನೆ ನಡೆಸುವ ಸರದಿ ನನ್ನದು. ಹಿಂಸೆಗೆ ಸಿಕ್ಕ ಕ್ರೈಸ್ತರಿಗಾಗಿ ಐದು ನಿಮಿಷ ಪ್ರಾರ್ಥಿಸಿ ಅಂದಿದ್ದಾರೆ ಪಾಸ್ಟರ್. ನಾನು ಮಣಿಪುರವನ್ನು ಆರಿಸಿಕೊಂಡೆ. ಈಗ ಬರೆಯಲು ಕೂತರೆ ಕೈ ಓಡುತ್ತಿಲ್ಲ.

ಕಾರಣ ಇದು. 2023ರ ಮೇ 3ರಂದು ಅಲ್ಲಿನ ಕುಕಿ ಮತ್ತು ಮೈತೇಯಿ ಸಮುದಾಯಗಳ ನಡುವೆ ಶುರುವಾದ ಗಲಭೆಯಲ್ಲಿ ನೂರಾರು ಚರ್ಚ್‌ಗಳು ಸುಟ್ಟವು. ಕುಕಿಗಳಲ್ಲಿ ಹೆಚ್ಚಿನವರು ಕ್ರೈಸ್ತರು, ಮೈತೇಯಿಗಳಲ್ಲಿ ಹೆಚ್ಚಿನವರು ಹಿಂದೂಗಳು, ನಿಜ. ಆದರೆ ಮೈತೇಯಿ ಕ್ರೈಸ್ತರ ಚರ್ಚ್‌ಗಳೂ ಉಳಿಯಲಿಲ್ಲ. ಗುಡ್ಡದ ಜಮೀನು, ಪರಿಶಿಷ್ಟ ಪಂಗಡದ ಸ್ಥಾನಮಾನ, ರಾಜಕೀಯ ಎಲ್ಲ ಇದರಲ್ಲಿ ಕಲೆತಿದೆ. ದೇವಸ್ಥಾನಗಳಿಗೂ ಹಾನಿಯಾಗಿದೆ. ಸುಮ್ನೆ 'ನಮ್ಮವರನ್ನು ಕಾಪಾಡು ಕರ್ತನೇ' ಅಂದುಬಿಟ್ಟರೆ ಅರ್ಧ ಮಾತ್ರ ಹೇಳಿದ ಹಾಗೆ, ಅಲ್ವಾ?

ನಮ್ಮ ಸಭೆಗೆ ಕುಕಿಗಳು ಹೆಚ್ಚಿರುವ ಚುರಾಚಾಂದ್‌ಪುರದ ಇಬ್ಬರು ಹುಡುಗಿಯರು ಬರುತ್ತಾರೆ. ಮೈತೇಯಿಗಳು ಹೆಚ್ಚಿರುವ ಇಂಫಾಲದ ಒಬ್ಬ ಹುಡುಗನೂ ಬರುತ್ತಾನೆ. ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಾರೆ. ನಾನು ಬರೆಯುವುದನ್ನು ಮೂವರೂ ಕೇಳಬೇಕು. ಯಾರಿಗೂ ಚುಚ್ಚಬಾರದು, ಆದರೆ ನಡೆದದ್ದನ್ನು ಮುಚ್ಚಲೂಬಾರದು.

ಇಂಥ ಪ್ರಾರ್ಥನೆ ಕನ್ನಡದಲ್ಲಿ ಯಾರಾದರೂ ನಡೆಸಿದ್ದೀರಾ? ನಾಲ್ಕು ಸಾಲು ಇದ್ದರೂ ಸಾಕು, ಕಳಿಸಿ. ಯಾವ ಕೀರ್ತನೆ ಓದಲಿ? 46 ಅಂದುಕೊಂಡಿದ್ದೇನೆ. ಪರಿಹಾರ ಶಿಬಿರಗಳಲ್ಲಿ ಇದ್ದವರನ್ನು ಕಂಡುಬಂದವರಿದ್ದರೆ ದಯವಿಟ್ಟು ಹೇಳಿ, ಅವರು ಏನನ್ನು ಬೇಡಿಕೊಳ್ಳುತ್ತಾರೆ? ಶುಕ್ರವಾರದೊಳಗೆ ಸಿಕ್ಕರೆ ಒಳ್ಳೆಯದು. ಶನಿವಾರ ಪಾಸ್ಟರ್‌ಗೆ ತೋರಿಸಬೇಕು.