ಇವಿ ಕಾರಿನ ಟ್ಯಾಕ್ಸ್ ಬೆನಿಫಿಟ್: ತಮ್ಮನಿಗೆ ಅಮೆರಿಕದಲ್ಲಿ ಸಿಗುತ್ತಾ, ನನಗೆ ಶಿವಮೊಗ್ಗದಲ್ಲಿ ಸಿಗುತ್ತಾ?

ತುಂಗಾತೀರ (ತೀರ್ಥಹಳ್ಳಿ, ನವೆಂಬರ್ 2025)

ಎಲ್ರಿಗೂ ನಮಸ್ಕಾರ. ಎರಡು ಪ್ರಶ್ನೆ ಇದೆ, ಮನೇಲಿ ಎರಡರ ಮಾತೂ ಒಟ್ಟಿಗೇ ನಡೀತಿರೋದ್ರಿಂದ ಒಂದೇ ಕಡೆ ಹಾಕ್ತಿದೀನಿ. ನಮ್ಮೂರು ತೀರ್ಥಹಳ್ಳಿ ಹತ್ರ, ಕೆಲಸ ಶಿವಮೊಗ್ಗದಲ್ಲಿ, ದಿನಾ ಓಡಾಟ. ಪೆಟ್ರೋಲಿಗೆ ಸುರಿದು ಸಾಕಾಗಿ ಇವಿ ಕಾರು ತಗೊಳ್ಳೋದು ಅಂತ ತೀರ್ಮಾನ ಆಯ್ತು. ಹದಿನೈದು ಲಕ್ಷದ ಆಸುಪಾಸಿನ ಗಾಡಿ, ಅದ್ರಲ್ಲಿ ಹತ್ತು ಲಕ್ಷ ಬ್ಯಾಂಕ್ ಸಾಲ. ಶೋರೂಮಿನವ್ರು ಕೊಟೇಶನ್ ಕೊಡುವಾಗ ಇನ್ಕಮ್ ಟ್ಯಾಕ್ಸ್ ಕಾಯ್ದೆಯ 80ಇಇಬಿ ಸೆಕ್ಷನ್ನಲ್ಲಿ ಒಂದೂವರೆ ಲಕ್ಷ ಟ್ಯಾಕ್ಸ್ ಉಳಿಯುತ್ತೆ ಅಂತ ಹೇಳಿ, ಆ ಒಂದೂವರೆ ಲಕ್ಷನ ಬೆಲೆಯಿಂದ ಕಳೆದು "ನಿಮಗೆ ನಿಜವಾಗ್ಲೂ ಬೀಳೋದು ಇಷ್ಟೇ ಸರ್" ಅಂತ ಪೆನ್ನಲ್ಲಿ ಬರೆದೇ ಕೊಟ್ಟಿದಾರೆ. ಇದು ನಿಜಾನಾ? ಅಪ್ಪಯ್ಯ ಹೇಳೋದು ಗಾಡಿ, ಸಾಲ ಎರಡೂ ತನ್ನ ಹೆಸರಲ್ಲೇ ಇರಲಿ ಅಂತ. ಅವ್ರಿಗೆ ಅಡಿಕೆ ತೋಟದ ಆದಾಯ ಬಿಟ್ರೆ ಬೇರೆ ಇಲ್ಲ.

ಇನ್ನೊಂದು ತಮ್ಮನದ್ದು. ಅವ್ನು ಟೆಕ್ಸಾಸಲ್ಲಿದಾನೆ, ಎಚ್-1ಬಿ ವೀಸಾ, ಗಂಡ ಹೆಂಡತಿ ಇಬ್ರೂ ದುಡೀತಾರೆ. ಸೆಪ್ಟೆಂಬರ್ ಕೊನೇ ವಾರ ಡೀಲರ್ ಹತ್ರ ಅಗ್ರಿಮೆಂಟಿಗೆ ಸೈನ್ ಹಾಕಿ ಎರಡು ಸಾವಿರ ಡಾಲರ್ ಕಟ್ಟಿದ, ಆದ್ರೆ ಗಾಡಿ ಕೈಗೆ ಬಂದಿದ್ದು ಅಕ್ಟೋಬರ್ ಮಧ್ಯದಲ್ಲಿ. ಅಲ್ಲಿ 7,500 ಡಾಲರ್ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ ಸೆಪ್ಟೆಂಬರ್ 30ಕ್ಕೆ ಮುಗಿದೋಗಿದೆ, ನಿಂಗೆ ಏನೂ ಸಿಗಲ್ಲ ಅಂತ ಆಫೀಸಲ್ಲಿ ಹೇಳಿದಾರಂತೆ. ಪಾಪ ಅದನ್ನೇ ಲೆಕ್ಕ ಇಟ್ಕೊಂಡು ತಗೊಂಡಿದ್ದ. ಗೊತ್ತಿರೋರು ದಯವಿಟ್ಟು ಹೇಳಿ.

ಸಾಗರದಿಂದ_ಸಿಯಾಟಲ್

ತಮ್ಮನ ಭಾಗ ನಾನು ಹೇಳ್ತೀನಿ, ನಾನೂ ಇಲ್ಲಿ ಇದೇ ಕ್ರೆಡಿಟ್ ತಗೊಂಡೇ ಕಾರು ಕೊಂಡಿದ್ದು. ಅವ್ರ ಆಫೀಸಲ್ಲಿ ಹೇಳಿದ್ದು ಪೂರ್ತಿ ಸರಿ ಇಲ್ಲ. 2022ರ ಆಗಸ್ಟಲ್ಲಿ ಬಂದ ಇನ್ಫ್ಲೇಶನ್ ರಿಡಕ್ಷನ್ ಆಕ್ಟ್ ಪ್ರಕಾರ ಈ ಕ್ರೆಡಿಟ್ 2032ರ ತನಕ ಇರಬೇಕಿತ್ತು, 2025ರ ಜುಲೈ 4ರಂದು ಟ್ರಂಪ್ ಸೈನ್ ಹಾಕಿದ ಕಾನೂನು ಅದನ್ನ ಈ ವರ್ಷದ ಸೆಪ್ಟೆಂಬರ್ 30ಕ್ಕೇ ನಿಲ್ಲಿಸ್ತು. ಆದ್ರೆ ಅಲ್ಲಿ ನೋಡೋದು ಗಾಡಿ ಮನೆಗೆ ಬಂದ ದಿನ ಅಲ್ಲ. ಕೊಳ್ಳೋ ಕರಾರು ಬರವಣಿಗೇಲಿ ಗಟ್ಟಿಯಾಗಿ, ಒಂದಿಷ್ಟು ದುಡ್ಡು ಕಟ್ಟಿದ ದಿನ. ಅಡ್ವಾನ್ಸ್ ಸಣ್ಣದಾದ್ರೂ ನಡೆಯುತ್ತೆ, ಹಳೇ ಕಾರು ಎಕ್ಸ್‌ಚೇಂಜ್ ಕೊಟ್ಟಿದ್ರೂ ನಡೆಯುತ್ತೆ ಅಂತ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನವ್ರೇ ಆಗಸ್ಟಲ್ಲಿ ಸ್ಪಷ್ಟ ಮಾಡಿದ್ರು. ಹಂಗಾಗಿ ಸೆಪ್ಟೆಂಬರಲ್ಲಿ ಸೈನ್ ಹಾಕಿ ದುಡ್ಡು ಕಟ್ಟಿದ್ರೆ ಅಕ್ಟೋಬರಲ್ಲಿ ಗಾಡಿ ಬಂದ್ರೂ ಪರವಾಗಿಲ್ಲ. ಅವ್ರು ಸೈನ್ ಹಾಕಿದ್ದು ನಿಜವಾದ ಖರೀದಿ ಕರಾರಾ, ಇಲ್ಲ ಬರೀ ರಿಸರ್ವೇಶನ್ನಾ ಅಂತ ಮಾತ್ರ ನೋಡ್ಬೇಕು. ಬೇಡ ಅಂದ್ರೆ ದುಡ್ಡು ವಾಪಸ್ ಕೊಡೋ ಥರದ ಬುಕಿಂಗ್ ಆಗಿದ್ರೆ ಅದು ಸಾಲಲ್ಲ.

ಇನ್ನು ಆದಾಯ. ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಿದ್ರೆ 3,00,000 ಡಾಲರ್ ಮಿತಿ, ಬೇರೆ ಬೇರೆ ಹಾಕಿದ್ರೆ ಅಥವಾ ಒಂಟಿಯಾಗಿದ್ರೆ 1,50,000. ಒಂದು ಡಾಲರ್ ಮೇಲೆ ಹೋದ್ರೂ ಪೂರ್ತಿ ಹೋಯ್ತು, ಸ್ವಲ್ಪ ಸ್ವಲ್ಪ ಕಮ್ಮಿ ಆಗೋ ವ್ಯವಸ್ಥೆ ಇಲ್ಲ. ಆದ್ರೆ ಒಂದು ಅನುಕೂಲ ಇದೆ, ಗಾಡಿ ಸಿಕ್ಕ ವರ್ಷ ಅಥವಾ ಅದರ ಹಿಂದಿನ ವರ್ಷ ಎರಡರಲ್ಲಿ ಒಂದರಲ್ಲಿ ಮಿತಿಯೊಳಗಿದ್ರೆ ಸಾಕು, ಈ ವರ್ಷ ಬೋನಸ್ ಬಂದು ದಾಟಿದ್ರೆ 2024ರ ಆದಾಯ ನೋಡ್ಲಿ. ಇಲ್ಲಿನ ನಾಗರಿಕ ಆಗಿರಬೇಕು ಅಂತ ಷರತ್ತಿಲ್ಲ, ವೀಸಾದ ಚಿಂತೆ ಬೇಡ.

ಗಾಡೀದೂ ಷರತ್ತಿದೆ. ಉತ್ತರ ಅಮೆರಿಕದಲ್ಲೇ ಜೋಡಣೆ ಆಗಿರಬೇಕು, ಕಂಪನಿ ಬೆಲೆ ಎಸ್‌ಯುವಿ, ವ್ಯಾನು, ಪಿಕಪ್ಪಿಗೆ 80,000 ಡಾಲರ್, ಉಳಿದ ಕಾರಿಗೆ 55,000 ದಾಟಬಾರ್ದು. 7,500 ಅನ್ನೋದೂ ಎರಡು 3,750 ಸೇರಿ ಆಗಿದ್ದು, ಒಂದು ಬ್ಯಾಟರಿಯೊಳಗಿನ ಖನಿಜ ಎಲ್ಲಿಂದ ಬಂತು ಅಂತ, ಇನ್ನೊಂದು ಬ್ಯಾಟರಿ ಭಾಗಗಳು ಎಲ್ಲಿ ತಯಾರಾದ್ವು ಅಂತ. ಕೆಲವು ಮಾಡೆಲ್ಲಿಗೆ ಅರ್ಧಾನೇ ಸಿಗೋದು, ಎಷ್ಟೋ ಮಾಡೆಲ್ಲಿಗೆ ಏನೂ ಇಲ್ಲ.

ಮುಖ್ಯವಾದ್ದು ಒಂದು ಕಾಗದ. ಗಾಡಿ ಕೊಡುವಾಗ ಡೀಲರ್ ಐಆರ್‌ಎಸ್ ಪೋರ್ಟಲ್ಲಿಗೆ ಮಾರಾಟದ ರಿಪೋರ್ಟ್ ಹಾಕಿ ಅದರ ಕಾಪಿ ಗಿರಾಕಿಗೆ ಕೊಡ್ಬೇಕು. ಅದಿಲ್ಲದಿದ್ರೆ ಉಳಿದಿದ್ದೆಲ್ಲ ಸರಿ ಇದ್ರೂ ಕ್ಲೇಮ್ ನಿಲ್ಲಲ್ಲ. ಇವತ್ತೇ ಫೋನ್ ಮಾಡಿ ಆ ಕಾಪಿ ಇದ್ಯಾ ಅಂತ ಕೇಳಿ, ಇಲ್ಲದಿದ್ರೆ ಡೀಲರ್ ಬೆನ್ನು ಹತ್ತೋಕೆ ಹೇಳಿ, ತಡ ಮಾಡಿದಷ್ಟೂ ಕಷ್ಟ. ಕಾಪಿ ಇದ್ರೆ ರಿಟರ್ನ್ ಜೊತೆ 8936 ಫಾರ್ಮ್ ಹಾಕೋದು ಅಷ್ಟೇ.

ದುರ್ಗಿಗುಡಿ_ಲೆಕ್ಕ

ನಾನು ಶಿವಮೊಗ್ಗದಲ್ಲಿ ರಿಟರ್ನ್ ತುಂಬೋ ಕೆಲಸ ಮಾಡೋನು. 80ಇಇಬಿ ಪ್ರಶ್ನೆ ಈಗ್ಲೂ ವಾರ ವಾರ ಬರ್ತಿದೆ, ಬೇಜಾರಾಗುತ್ತೆ, ಯಾಕಂದ್ರೆ ಜನ ಇದನ್ನ ನಂಬಿ ತಮ್ಮ ಶಕ್ತಿ ಮೀರಿ ದೊಡ್ಡ ಮಾಡೆಲ್ಲಿಗೆ ಹೋಗ್ತಿದಾರೆ. ನೇರವಾಗಿ ಹೇಳ್ತೀನಿ, ನಿಮಗೆ ಅದು ಸಿಗಲ್ಲ. 2019ರ ಬಜೆಟ್ಟಲ್ಲಿ ತಂದ ಸೆಕ್ಷನ್ ಅದು, 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಆಮೇಲೆ ಮುಂದುವರಿಸಿಲ್ಲ. ನಿಮ್ಮ ಸಾಲ ಈಗ 2025ರಲ್ಲಿ ಆಗೋದು, ಕಥೆ ಅಲ್ಲಿಗೇ ಮುಗೀತು.

ಸಿಗೋ ಕಾಲದಲ್ಲಾದ್ರೂ ಒಂದೂವರೆ ಲಕ್ಷ ಉಳಿತಾಯ ಅನ್ನೋದು ಸುಳ್ಳು. ಸಿಯಾಟಲ್‌ನವ್ರು ಹೇಳಿದ 7,500 ಡಾಲರ್ ಕಟ್ಟಬೇಕಾದ ಟ್ಯಾಕ್ಸಿಂದಲೇ ಕಳೆಯೋದು. ನಮ್ಮಲ್ಲಿದ್ದಿದ್ದು ಹಂಗಲ್ಲ, ಸಾಲದ ಬಡ್ಡೀನ ಆದಾಯದಿಂದ ಕಳೆಯೋದು, ಅದಕ್ಕೆ ಮೇಲ್ಮಿತಿ ವರ್ಷಕ್ಕೆ ಒಂದೂವರೆ ಲಕ್ಷ. ಹತ್ತು ಲಕ್ಷ ಸಾಲ, 9% ಬಡ್ಡಿ, ಐದು ವರ್ಷದ ಕಂತು ಅಂದ್ಕೊಳ್ಳಿ, ಮೊದಲ ವರ್ಷ ಬಡ್ಡಿ ಬರೋದೇ 80-85 ಸಾವಿರ. 30% ಸ್ಲ್ಯಾಬಲ್ಲಿರೋನಿಗೂ ಅದ್ರಿಂದ ಉಳಿಯೋದು 25-26 ಸಾವಿರ, ಮುಂದಿನ ವರ್ಷಗಳಲ್ಲಿ ಬಡ್ಡಿ ಇಳಿದ ಹಾಗೆ ಇನ್ನೂ ಕಮ್ಮಿ. ಅದೂ ಹಳೇ ತೆರಿಗೆ ಪದ್ಧತಿಲಿದ್ರೆ ಮಾತ್ರ, ಹೊಸದ್ರಲ್ಲಿ 80ಇಇಬಿ ಇಲ್ಲವೇ ಇಲ್ಲ. 2025-26ರಿಂದ ಹೊಸ ಪದ್ಧತಿಲಿ ಹನ್ನೆರಡು ಲಕ್ಷದ ತನಕ ಟ್ಯಾಕ್ಸೇ ಬೀಳಲ್ಲ, ಸಂಬಳದಾರರಿಗೆ ಹನ್ನೆರಡು ಮುಕ್ಕಾಲು ಲಕ್ಷ. ಕಟ್ಟೋ ಟ್ಯಾಕ್ಸೇ ಇಲ್ಲದೋನು ಎಲ್ಲಿಂದ ಉಳಿಸ್ತಾನೆ ಹೇಳಿ.

ಹಾಗಂತ ಇವಿಗೆ ಏನೂ ಇಲ್ಲ ಅಂತಲ್ಲ. ನಿಜವಾದ ಲಾಭ ಬಿಲ್ಲಲ್ಲೇ ಇದೆ. ಇವಿಗೆ ಜಿಎಸ್‌ಟಿ 5%, 2019ರ ಆಗಸ್ಟಿಂದ ಅಷ್ಟೇ ಇದೆ. 2025ರ ಸೆಪ್ಟೆಂಬರ್ 22ಕ್ಕೆ ದರ ಬದಲಾದ ಮೇಲೆ ಸಣ್ಣ ಪೆಟ್ರೋಲ್ ಕಾರಿಗೆ 18, ದೊಡ್ಡದಕ್ಕೆ 40 ಆಗಿದೆ, ಅಂದ್ರೆ ಸಣ್ಣ ಕಾರಿನ ಎದುರು ಇವಿಯ ಅನುಕೂಲ ಮೊದಲಿನಷ್ಟು ಇಲ್ಲ, ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಎರಡನೇದು ನಮ್ಮ ರಾಜ್ಯದ ರೋಡ್ ಟ್ಯಾಕ್ಸು. 25 ಲಕ್ಷದೊಳಗಿನ ಇವಿ ಕಾರಿಗೆ ಈಗ, 2025ರ ನವೆಂಬರಲ್ಲಿ, ಇಲ್ಲ, ಅದರ ಮೇಲಿನದ್ದಕ್ಕೆ 2024ರಿಂದ 10% ಹಾಕಿದಾರೆ. ಅದೇ ಹದಿನೈದು ಲಕ್ಷದ ಪೆಟ್ರೋಲ್ ಕಾರಿಗೆ 17%, ಮೇಲೆ ಸೆಸ್ ಬೇರೆ, ಎರಡೂವರೆ ಲಕ್ಷ ದಾಟುತ್ತೆ. ನಿಮ್ಮ ಶೋರೂಮಿನವ್ರು ಇಲ್ಲದ ಒಂದೂವರೆ ಲಕ್ಷ ತೋರಿಸೋ ಬದ್ಲು ಇರೋ ಎರಡೂವರೆ ಲಕ್ಷ ತೋರಿಸಬಹುದಿತ್ತು. ಕೊಟೇಶನ್ನಲ್ಲಿ ರೋಡ್ ಟ್ಯಾಕ್ಸ್ ಅಂತ ಏನಾದ್ರೂ ಸೇರಿಸಿದಾರಾ ಅಂತ ಒಂದ್ಸಲ ಸರಿಯಾಗಿ ಓದಿ.

ಕೇಂದ್ರದ ಸಬ್ಸಿಡಿ ಕಾರಿಗಿಲ್ಲ. ಈಗಿರೋ ಪಿಎಂ ಇ-ಡ್ರೈವ್ ಯೋಜನೆ ಸ್ವಂತಕ್ಕೆ ತಗೊಳ್ಳೋ ಕಾರಿಗೆ ಬರಲ್ಲ.

ಹೊಸನಗರ_ತೋಟ

ದುರ್ಗಿಗುಡಿಯೋರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಹಳೇ ಸಾಲ ಇರೋರು ಇದನ್ನ ಓದಿ ಕ್ಲೇಮ್ ಬಿಟ್ಟುಬಿಡಬೇಡಿ ಮಾರಾಯ್ರೆ. ನಮ್ಮ ಮನೆಯವ್ರು ಟೀಚರ್, ಅವ್ರ ಹೆಸರಲ್ಲಿ ಇವಿ ಸಾಲ ಮಂಜೂರಾಗಿದ್ದು 2023ರ ಫೆಬ್ರವರಿ, ಆದ್ರೆ ಗಾಡಿಗೆ ವೇಟಿಂಗ್ ಇದ್ದು ಕೈಗೆ ಸಿಕ್ಕಿದ್ದು ಮಳೆ ಶುರುವಾಗೋ ಹೊತ್ತಿಗೆ. ಮಾರ್ಚ್ 31 ದಾಟಿದೆ, ಬರಲ್ಲ ಅಂತ ನಮಗೂ ಒಬ್ರು ಹೇಳಿದ್ರು. ಆಮೇಲೆ ಬ್ಯಾಂಕಿನ ಮಂಜೂರಾತಿ ಪತ್ರ ತೋರಿಸಿದ ಮೇಲೆ ಸರಿಯಾಯ್ತು. ಸಾಲ ತೀರೋ ತನಕ ಪ್ರತಿ ವರ್ಷ ಬಡ್ಡಿ ಸರ್ಟಿಫಿಕೇಟ್ ತಂದು ಹಳೇ ಪದ್ಧತಿಲೇ ರಿಟರ್ನ್ ಹಾಕ್ತಾರೆ. ಅಸಲಿಗಿಲ್ಲ, ಬಡ್ಡಿಗೆ ಮಾತ್ರ. ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಸಾಲ ಆಗಿರಬೇಕು, ಭಾವನ ಹತ್ರ ಕೈಸಾಲ ತಗೊಂಡಿದ್ದು ಲೆಕ್ಕಕ್ಕಿಲ್ಲ. ಅಮೆರಿಕದ ಕರಾರಿನ ತಾರೀಖು ನೋಡಿದಾಗ ನಮ್ಮ ಈ ಕಥೆಯೇ ನೆನಪಾಯ್ತು, ಅಲ್ಲೂ ಇಲ್ಲೂ ಡೆಲಿವರಿ ದಿನ ನೋಡಿ ಜನ ಕೈಬಿಡ್ತಾರೆ, ಕಾಗದ ತೆಗೆದು ನೋಡಲ್ಲ.

ಸ್ಕೂಟರ್ ತಗೊಳ್ಳೋರಿಗೆ ಪಿಎಂ ಇ-ಡ್ರೈವ್ ಇದೆ. 2025-26ರಲ್ಲಿ ಒಂದು ಕಿಲೋವ್ಯಾಟ್ ಅವರ್ ಬ್ಯಾಟರಿಗೆ 2,500 ರೂಪಾಯಿ, ಗಾಡಿಗೆ ಹೆಚ್ಚು ಅಂದ್ರೆ 5,000. 2024-25ರಲ್ಲಿ ಇದರ ಎರಡರಷ್ಟಿತ್ತು. ನಾವು ಅರ್ಜಿ ಹಾಕೋದೇನಿಲ್ಲ, ಶೋರೂಮಲ್ಲೇ ಆಧಾರ್ ನೋಡಿ ಇ-ವೋಚರ್ ಮಾಡಿ ಬೆಲೆಯಲ್ಲೇ ಇಳಿಸ್ತಾರೆ. ಬಿಲ್ಲಲ್ಲಿ ಇಳಿಸಿದ್ದು ಕಾಣ್ಬೇಕು, ಅದನ್ನ ಕೇಳಿ ತಗೊಳ್ಳಿ.

ಟ್ಯಾಕ್ಸ್ ಬಿಟ್ಟು ಒಂದು ಮಾತು, ನಮ್ಮ ಕಡೆ ಹುಲಿಕಲ್ ಘಾಟಿ ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ವಾಪಸ್ ಬರೋದು ನೋಡೋಕೇ ಖುಷಿ. ಆದ್ರೆ ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಎರಡು ಮೂರು ದಿನ ಬರದೇ ಇರೋದೂ ಉಂಟು. ದಿನಾ ಶಿವಮೊಗ್ಗಕ್ಕೆ ಓಡಾಡೋರು ಅಲ್ಲಿ ಕೆಲಸದ ಜಾಗದಲ್ಲಿ ಚಾರ್ಜ್ ಹಾಕೋಕೆ ಏನಾದ್ರೂ ವ್ಯವಸ್ಥೆ ಮೊದಲೇ ನೋಡ್ಕೊಂಡಿರೋದು ಒಳ್ಳೇದು.

ತುಂಗಾತೀರ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಿ ಅಂದ್ಕೊಂಡಿರ್ಲಿಲ್ಲ. ತಮ್ಮನಿಗೆ ಫೋನ್ ಮಾಡಿದೆ, ಅವ್ನ ಹತ್ರ ಇರೋದು ಖರೀದಿ ಕರಾರೇ, ಸೆಪ್ಟೆಂಬರ್ 26ರ ತಾರೀಖಿದೆ, ದುಡ್ಡು ಕಟ್ಟಿದ ರಸೀದಿಯೂ ಇದೆ. ಆ ರಿಪೋರ್ಟಿನ ಕಾಪಿ ಮಾತ್ರ ಕೊಟ್ಟಿಲ್ಲ, ಬೆಳಿಗ್ಗೆ ಎದ್ದು ಡೀಲರ್ ಹತ್ರ ಹೋಗ್ತಾನೆ. ಇಲ್ಲಿ ಕೊಟೇಶನ್ ತೆಗೆದು ನೋಡಿದ್ರೆ ರೋಡ್ ಟ್ಯಾಕ್ಸ್ ಸೊನ್ನೆ ಅಂತಾನೇ ಇದೆ, ಆದ್ರೆ ಟಿಸಿಎಸ್ ಅಂತ ಹದಿನೈದು ಸಾವಿರ ಹಾಕಿದಾರೆ. ಅದೆಂತದು? ಮತ್ತೆ ಅಪ್ಪಯ್ಯನ ಹೆಸರಲ್ಲಿ ತಗೊಂಡ್ರೆ ಏನಾದ್ರೂ ತೊಂದ್ರೆ ಇದ್ಯಾ?

ದುರ್ಗಿಗುಡಿ_ಲೆಕ್ಕ

ಅದು ಸರಿಯಾಗೇ ಇದೆ. ಹತ್ತು ಲಕ್ಷ ದಾಟಿದ ಯಾವ ಕಾರಿಗಾದ್ರೂ ಮಾರೋರು 1% ಟಿಸಿಎಸ್ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಬೇಕು, ಇವಿಗೂ ಬರುತ್ತೆ. ಅದು ಖರ್ಚಲ್ಲ, ಬಿಲ್ ಯಾರ ಹೆಸರಲ್ಲಿದ್ಯೋ ಅವ್ರ ಪ್ಯಾನ್ ಮೇಲೆ ಜಮಾ ಆಗುತ್ತೆ, ರಿಟರ್ನ್ ಹಾಕುವಾಗ ಟ್ಯಾಕ್ಸಿಗೆ ಹೊಂದಿಸ್ಕೊಳ್ಳಬಹುದು, ಟ್ಯಾಕ್ಸ್ ಇಲ್ಲದಿದ್ರೆ ವಾಪಸ್ ಬರುತ್ತೆ. ಹಂಗಾಗಿ ನಿಮ್ಮ ಅಪ್ಪಯ್ಯನ ವಿಷಯದಲ್ಲಿ ಯೋಚನೆ ಮಾಡಿ. ಅಡಿಕೆ ಆದಾಯ ಕೃಷಿ ಆದಾಯ, ಅದಕ್ಕೆ ಇನ್ಕಮ್ ಟ್ಯಾಕ್ಸ್ ಇಲ್ಲ, ಅವ್ರು ರಿಟರ್ನ್ ಹಾಕೋ ರೂಢಿ ಇಲ್ಲ ಅಂದ್ರೆ ಆ ಹದಿನೈದು ಸಾವಿರ ವಾಪಸ್ ತಗೊಳ್ಳೋಕೇ ಅವ್ರೂ ಒಂದು ರಿಟರ್ನ್ ಹಾಕ್ಬೇಕಾಗುತ್ತೆ. ಹಾಕಬಹುದು, ತಪ್ಪೇನಿಲ್ಲ. ಆದ್ರೆ ಹೇಗಿದ್ರೂ ನೀವು ಸಂಬಳದವ್ರು, ವರ್ಷಾ ವರ್ಷ ರಿಟರ್ನ್ ಹಾಕ್ತೀರಿ, ಬಿಲ್ ನಿಮ್ಮ ಹೆಸರಿಗೆ ಮಾಡಿಸಿದ್ರೆ ಸಲೀಸು. ಗಾಡಿ ತಗೊಂಡ ಮೇಲೆ 26ಎಎಸ್ (ನಿಮ್ಮ ಪ್ಯಾನ್ ಮೇಲೆ ಜಮಾ ಆದ ಟ್ಯಾಕ್ಸಿನ ಪಟ್ಟಿ) ತೆಗೆದು ಆ ಮೊತ್ತ ಬಂದಿದ್ಯಾ ನೋಡಿ, ಬಿಲ್ಲಿಗೆ ಕೊಡೋ ಪ್ಯಾನ್ ನಂಬರ್ ಒಂದಕ್ಷರ ತಪ್ಪಾದ್ರೂ ಅದು ಬೇರೆಯವ್ರ ಖಾತೆಗೆ ಹೋಗಿ ಕೂರುತ್ತೆ.

ಸಾಗರದಿಂದ_ಸಿಯಾಟಲ್

26ನೇ ತಾರೀಖಿನ ಕರಾರು ಅಂದ್ರೆ ತಾರೀಖಿನ ಮಟ್ಟಿಗೆ ಧೈರ್ಯವಾಗಿರಿ. ಡೀಲರ್ ಕ್ರೆಡಿಟ್ ಮುಗಿದಿದೆ ಅಂತ ವಾದ ಮಾಡಿದ್ರೆ ಐಆರ್‌ಎಸ್ ಸೈಟಲ್ಲಿರೋ ಪ್ರಶ್ನೋತ್ತರ ಪ್ರಿಂಟ್ ತೆಗೆದು ಮುಂದಿಡೋಕೆ ಹೇಳಿ. ಮನೇಲಿ ಚಾರ್ಜರ್ ಇನ್ನೂ ಹಾಕಿಸಿಲ್ಲ ಅಂದ್ರೆ ಅದಕ್ಕೆ ಬೇರೆ ಕ್ರೆಡಿಟ್ ಇದೆ, ಖರ್ಚಿನ 30%, 1,000 ಡಾಲರ್ ತನಕ, ಅದು 2026ರ ಜೂನ್ 30ರ ತನಕ ನಡೆಯುತ್ತೆ. ಆದ್ರೆ ಎಲ್ಲಾ ವಿಳಾಸಕ್ಕೂ ಸಿಗಲ್ಲ, ಬಡ ಅಥವಾ ಪೇಟೆಯಿಂದ ಹೊರಗಿನ ಪ್ರದೇಶ ಅಂತ ಗುರುತಿಸಿರೋ ಕಡೆ ಮಾತ್ರ, ಕೆಲಸ ಶುರು ಮಾಡೋ ಮುಂಚೆ ಮನೆ ವಿಳಾಸ ಹಾಕಿ ನೋಡ್ಕೊಳ್ಲಿ.